ಟಿವಿ ಆಫ್ ಆದ್ರೂ ಸ್ಟಿಕ್ ಆಫ್ ಆಗಲ್ಲ: ಮೂರು ವರ್ಷ ಬಳಸಿ ಬರೀತಿದ್ದೀನಿ

ಮುಂಬೈ ಮುಲುಂಡ್‌ನ ನಮ್ಮ ಮನೆಗೆ ಈ ಸ್ಟ್ರೀಮಿಂಗ್ ಸ್ಟಿಕ್, ಅಂದ್ರೆ ಟಿವಿಗೆ ಚುಚ್ಚಿ ನೆಟ್‌ನಿಂದ ಧಾರಾವಾಹಿ, ಸಿನಿಮಾ ನೋಡೋ ಕಡ್ಡಿ, ಬಂದು ಮೂರು ವರ್ಷ ಆಯ್ತು. ತಂದಿದ್ದು ಅಮ್ಮನಿಗೋಸ್ಕರ, ಕುಂದಾಪುರದಿಂದ ಬಂದ್ಮೇಲೆ ನಾವಿಬ್ರೂ ಲೋಕಲ್ ಹತ್ತಿ ಆಫೀಸಿಗೆ ಹೋದ್ರೆ ಅವ್ರಿಗೆ ಸಂಜೆ ತನಕ ಕನ್ನಡ ಕಿವಿಗೆ ಬೀಳೋದು ಟಿವಿಯಿಂದ ಮಾತ್ರ. ಪಿಕ್ಚರ್, ಸೌಂಡ್ ಚೆನ್ನಾಗಿದೆ, ರಿಮೋಟೂ ಇನ್ನೂ ಮೊದಲಿನದ್ದೇ.

ತೊಂದರೆ ಕೊಟ್ಟಿದ್ದು ಒಂದೇ. ಮೊದಲ ವರ್ಷ ನಮ್ದು ಲಿಮಿಟ್ ಇರೋ ನೆಟ್ ಪ್ಲಾನು, 20ನೇ ತಾರೀಕಿಗೇ ಡೇಟಾ ಖಾಲಿ. ಅಮ್ಮ ಬೇರೆ ದಿನಾ ಹೇಳೋರು, ನಿನ್ನೆ ನಾನು ನೋಡಿದ್ದು ಎಲ್ಲಿ ಹೋಯ್ತು ಮಗಾ, ಧಾರಾವಾಹಿ ಹತ್ತು ಎಪಿಸೋಡ್ ಮುಂದೆ ಹೋಗಿದೆಯಲ್ಲ ಅಂತ. ಅವ್ರೇ ಏನೋ ಬಟನ್ ಒತ್ತಿರ್ಬೇಕು ಅಂದ್ಕೊಂಡು ನಾನು ಗಮನ ಕೊಡ್ಲಿಲ್ಲ, ಈಗ್ಲೂ ಅದಕ್ಕೆ ಬೇಜಾರಿದೆ. ಒಂದ್ ರಾತ್ರಿ ನೀರಿಗೆ ಎದ್ದಾಗ ರೌಟರ್ ಲೈಟ್ ಪಟಪಟ ಮಿನುಗ್ತಿತ್ತು, ಟಿವಿ ಹಿಂದೆ ಕೈ ಹಾಕಿದ್ರೆ ಸ್ಟಿಕ್ ಬಿಸಿ. ಟಿವಿ ಹಾಕಿ ನೋಡ್ತೀನಿ, ಧಾರಾವಾಹಿ ಓಡ್ತಾನೇ ಇದೆ!

ಟಿವಿ ರಿಮೋಟಲ್ಲಿ ಆಫ್ ಮಾಡಿದ್ರೆ ಪರದೆ ಮಾತ್ರ ಕಪ್ಪಾಗೋದು, ಸ್ಟಿಕ್‌ಗೆ ಕರೆಂಟ್ ಬರೋದು ಗೋಡೆ ಪ್ಲಗ್‌ನಿಂದ, ಅದಕ್ಕೆ ಟಿವಿ ಆಫ್ ಆಗಿದ್ದೇ ಗೊತ್ತಾಗಲ್ಲ. ಎಚ್‌ಡಿ ಅಂದ್ರೆ ಗಂಟೆಗೆ ಹೆಚ್ಚುಕಮ್ಮಿ 3 ಜಿಬಿ, ರಾತ್ರಿ ಎಂಟು ಗಂಟೆ ಓಡಿದ್ರೆ 24 ಜಿಬಿ ಆಯ್ತಲ್ಲ. ಇನ್ನೂ ನೋಡ್ತಿದ್ದೀರಾ ಅಂತ ಕೆಲವು ಆ್ಯಪ್ ಕೇಳುತ್ತೆ, ಅಮ್ಮ ನೋಡೋ ಆ್ಯಪ್ ಕೇಳಲ್ಲ.

ಮೊದ್ಲು ಅಡಾಪ್ಟರ್ ಬಿಟ್ಟು ಟಿವಿಯ ಯುಎಸ್‌ಬಿ ಪೋರ್ಟ್‌ಗೇ ಚುಚ್ಚಿದೆ, ಟಿವಿ ಆಫ್ ಆದ್ರೆ ಇದಕ್ಕೂ ಕರೆಂಟ್ ಹೋಗ್ಲಿ ಅಂತ. ಹೋಯ್ತು, ಆದ್ರೆ ಹಳೇ ಪೋರ್ಟ್ ಕೊಡೋದೇ ಅರ್ಧ ಆಂಪಿಯರ್, ಸ್ಟಿಕ್‌ನ ಅಡಾಪ್ಟರ್ ಮೇಲೆ 1 ಆಂಪಿಯರ್ ಅಂತಿದೆ, ಪವರ್ ಸಾಲದು ಅಂತ ಮೆಸೇಜ್ ಬರೋದು, ದಿನಾ ಬೆಳಿಗ್ಗೆ ಸ್ಟಾರ್ಟ್ ಆಗೋ ತನಕ ಅಮ್ಮ ಕಾಯೋರು. ವಾರಕ್ಕೇ ಬಿಟ್ಟೆ.

ಸರಿಹೋಗಿದ್ದು ಎಚ್‌ಡಿಎಂಐ (ಸ್ಟಿಕ್ ಟಿವಿಗೆ ಚುಚ್ಚೋ ಪೋರ್ಟ್) ಸಿಇಸಿ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ಮೇಲೆ. ಟಿವಿ ಆಫ್ ಆಗುವಾಗ ಅದೇ ಎಚ್‌ಡಿಎಂಐ ಮೂಲಕ ನೀನೂ ಮಲ್ಕೋ ಅಂತ ಸ್ಟಿಕ್‌ಗೆ ಸಿಗ್ನಲ್ ಹೋಗುತ್ತೆ. ಸೆಟ್ಟಿಂಗ್ಸಲ್ಲಿ ಸಿಇಸಿ ಅಂತ ಹುಡುಕಿದ್ರೆ ಸಿಗದೇ ಇರ್ಬಹುದು, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತಿರುತ್ತೆ. ಟಿವಿಯಲ್ಲೂ ಸ್ಟಿಕ್‌ನಲ್ಲೂ ಎರಡೂ ಕಡೆ ಆನ್ ಇರ್ಬೇಕು, ನಾನು ಒಂದೇ ಕಡೆ ಮಾಡಿ ಎರಡು ದಿನ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ಆ್ಯಪ್ ಒಳಗೆ ಆಟೋಪ್ಲೇ, ಅಂದ್ರೆ ಒಂದು ಎಪಿಸೋಡ್ ಮುಗಿದ್ರೆ ಮುಂದಿನದು ತಾನೇ ಶುರುವಾಗೋದು, ತೆಗೆದೆ. ಅಮ್ಮನಿಗೂ ಮನೆ ಚಿತ್ರ ಇರೋ ಬಟನ್ ಒತ್ತಿ ಆಮೇಲೆ ಟಿವಿ ಆಫ್ ಮಾಡಿ ಅಂತ ಹೇಳ್ಕೊಟ್ಟಿದ್ದೀನಿ, ದೇವರ ದೀಪ ಹಚ್ಚೋಕೆ ಏಳುವಾಗ ಮರೀದೆ ಮಾಡ್ತಾರೆ, ಮಾರನೇ ದಿನ ಧಾರಾವಾಹಿ ಅವ್ರು ಬಿಟ್ಟಲ್ಲಿಂದಲೇ ಶುರುವಾಗುತ್ತೆ.

ಐದಕ್ಕೆ ಮೂರೂವರೆ ಕೊಡ್ತೀನಿ. ಡಬ್ಬದ ಜೊತೆ ಬರೋ ಚೀಟಿಯಲ್ಲಿ ಈ ಒಂದು ಸೆಟ್ಟಿಂಗ್ ಬರೆದಿದ್ರೆ ನಾಲ್ಕೂವರೆ ಕೊಡ್ತಿದ್ದೆ.