ಕೀಕ್ಯಾಪ್‌ಗಳ ಮೇಲೆ ಕನ್ನಡ ಅಕ್ಷರ: ಎಸ್.ಪಿ. ರಸ್ತೆಯ ಅಂಗಡಿಯೊಂದರ ಕೆಲಸ

ನನ್ನ ಮೆಕ್ಯಾನಿಕಲ್ ಕೀಬೋರ್ಡಿನ ಕೀಕ್ಯಾಪ್‌ಗಳಿಗೆ (ಕೀಲಿಗಳ ಮೇಲೆ ಕೂರುವ ಪ್ಲಾಸ್ಟಿಕ್ ಟೋಪಿಗಳಿಗೆ) ಕನ್ನಡ ಅಕ್ಷರಗಳನ್ನು ಅಚ್ಚು ಹಾಕಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯ ಬಳಿಯ ಸಣ್ಣ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಎಬಿಎಸ್ ಪ್ಲಾಸ್ಟಿಕ್ ಬೇಡ, ಹೆಚ್ಚು ಕಾವು ತಾಳುವ ಪಿಬಿಟಿ ಪ್ಲಾಸ್ಟಿಕ್ಕಿನ ಕ್ಯಾಪ್‌ಗಳನ್ನೇ ತನ್ನಿ ಎಂದು ಅವರು ಮೊದಲೇ ಹೇಳಿದ್ದು ಸರಿಯಾದ ಸಲಹೆ. ಏಕೆಂದರೆ ಡೈ ಸಬ್ಲಿಮೇಶನ್ ವಿಧಾನದಲ್ಲಿ ಬಣ್ಣವು ಕಾವಿಗೆ ಆವಿಯಾಗಿ ಪ್ಲಾಸ್ಟಿಕ್ಕಿನೊಳಕ್ಕೇ ಇಳಿಯುತ್ತದೆ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗತೊಡಗುವ ಎಬಿಎಸ್ ಆ ಕಾವನ್ನು ತಾಳಲಾರದು. ಬೆರಳಾಡಿಸಿದರೆ ಅಚ್ಚಿನ ಅಂಚು ಕೈಗೆ ತಗಲುವುದೇ ಇಲ್ಲ, ‘ಣ’ದ ಒಳಸುರುಳಿಯೂ ಎಲ್ಲಿಯೂ ಮಸುಕಾಗಿಲ್ಲ; ಕನ್ನಡದ ದುಂಡು ಅಕ್ಷರಗಳಿಗೆ ಇಷ್ಟು ಅಚ್ಚುಕಟ್ಟು ಸಿಗುವುದು ನಿಜಕ್ಕೂ ಸಂತೋಷದ ವಿಷಯ. ಒಂದು ಮಿತಿಯೆಂದರೆ, ಕಪ್ಪು ಕ್ಯಾಪ್‌ಗಳ ಮೇಲೆ ಬಿಳಿ ಅಕ್ಷರ ಈ ವಿಧಾನದಲ್ಲಿ ಮೂಡದು. ಸ್ಪೇಸ್‌ಬಾರ್ ಮಾತ್ರ ಕಾವಿಗೆ ತುಸು ಬಾಗಿ ಬಂದಿತ್ತು, ತಕರಾರಿಲ್ಲದೆ ಬದಲಿಸಿಕೊಟ್ಟರು.