ದಾವಣಗೆರೆಯಲ್ಲಿ ನಾಯಿಗೆ ಗ್ರೂಮಿಂಗ್ ಮಾಡಿಸುವವರು ಓದಿ: ನನ್ನನ್ನು ಕೇಳದೆ ನಮ್ಮ ಗುಂಡನಿಗೆ ಮತ್ತಿನ ಔಷಧಿ ಕೊಟ್ಟರು

ದಾವಣಗೆರೆಯಲ್ಲಿ ನಾಯಿ ಸಾಕಿದವರು, ಅದರಲ್ಲೂ ಗ್ರೂಮಿಂಗ್‌ಗೆ ಅಂತ ಅಂಗಡಿಗೆ ಬಿಟ್ಟು ಬರುವವರು, ದಯವಿಟ್ಟು ಪೂರ್ತಿ ಓದಿ. ಮೂರು ವಾರ ಆಯಿತು. ಇನ್ನೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಬರೆಯಲು ಇಷ್ಟು ತಡ ಮಾಡಿದ್ದು ನಾಚಿಕೆಯಿಂದ. ಯಾರೋ ಕದ್ದುಕೊಂಡು ಹೋಗಿ ಮಾಡಿದ್ದಲ್ಲ ಇದು, ನಾನೇ ಕೈಯಾರೆ ಬೆಲ್ಟ್ ಕೊಟ್ಟು, ದುಡ್ಡೂ ಕೊಟ್ಟು ಬಂದಿದ್ದೆ. ಅಂಗಡಿ ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಅವರು ಏನು ಮಾಡಿದರು, ಏನು ಹೇಳಿದರು ಅನ್ನುವುದು ನಿಮಗೆ ಗೊತ್ತಾಗಬೇಕು. ಯಾಕೆಂದರೆ ಅದೇ ಮಾತು ನಿಮಗೂ ಹೇಳುತ್ತಾರೆ.

ನಮ್ಮ ಗುಂಡ ಬಿಳಿ ಸ್ಪಿಟ್ಜ್. ನಮ್ಮೂರಲ್ಲಿ ಎಲ್ಲರೂ ಪೊಮೇರಿಯನ್ ಅಂತಲೇ ಕರೆಯುತ್ತಾರೆ, ಇರಲಿ. ನಾಲ್ಕು ವರ್ಷ, ಒಂಬತ್ತು ಕೆಜಿ. ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ವಾಕಿಂಗ್ ಹೋದರೆ ಸಿಕ್ಕವರನ್ನೆಲ್ಲ ಮಾತಾಡಿಸುವ ನಾಯಿ. ಆದರೆ ಕಾಲು ಮುಟ್ಟಿದರೆ ಆಗುವುದಿಲ್ಲ. ಉಗುರು ಕತ್ತರಿ ನೋಡಿದರೆ ಮಂಚದ ಕೆಳಗೆ. ಮರಿಯಾಗಿದ್ದಾಗ ನಾವು ಅದನ್ನು ಅಭ್ಯಾಸ ಮಾಡಿಸಲಿಲ್ಲ, ಅದು ನಮ್ಮ ತಪ್ಪು, ಒಪ್ಪುತ್ತೇನೆ. ಕಿವಿ ಹಿಂದೆ, ಮುಂಗಾಲಿನ ಸಂದಿಯಲ್ಲಿ ಕೂದಲು ಗಂಟು ಕಟ್ಟಿತ್ತು. ಗಂಟು ಬಿಡಿಸದೆ ಸ್ನಾನ ಮಾಡಿಸಿದ್ದೇ ತಪ್ಪಾಯಿತು, ನೀರು ಬಿದ್ದ ಮೇಲೆ ಅದು ಇನ್ನೂ ಬಿಗಿಯಾಗಿ ಚರ್ಮ ಎಳೆಯುತ್ತಿತ್ತು. ಏಪ್ರಿಲ್ ಬಿಸಿಲು ಬೇರೆ. ಈ ಊರಿನ ಏಪ್ರಿಲ್ ಬಗ್ಗೆ ನಿಮಗೇನು ಹೇಳುವುದು.

ಫೋನ್ ಮಾಡಿ ಎಲ್ಲಾ ಬಿಡಿಸಿ ಹೇಳಿದೆ. ಹೆದರುತ್ತಾನೆ, ಕಾಲು ಮುಟ್ಟಿದರೆ ಗುರ್ ಅನ್ನುತ್ತಾನೆ, ನಿಧಾನಕ್ಕೆ ಮಾಡುತ್ತೀರಾ ಅಂತ. ಆ ಕಡೆಯಿಂದ ಎಷ್ಟು ಚೆನ್ನಾಗಿ ಮಾತಾಡಿದರು! "ನಮ್ಮದು ಫಿಯರ್ ಫ್ರೀ ಗ್ರೂಮಿಂಗ್ ಮೇಡಂ, ಇದಕ್ಕಿಂತ ಕಷ್ಟದ ನಾಯಿ ನೋಡಿದ್ದೀವಿ, ಮಗು ಥರ ನೋಡ್ಕೋತೀವಿ." ಪ್ಯಾಕೇಜ್ 1,499 ರೂಪಾಯಿ. ಗಂಟು ಬಿಡಿಸುವುದು, ಸ್ನಾನ, ಉಗುರು, ಕಿವಿ. ಕೂದಲು ಬೋಳಿಸಬೇಡಿ ಅಂತ ಎರಡು ಸಲ ಹೇಳಿದೆ. ಎರಡು ಸಲ!

ಭಾನುವಾರ ಹತ್ತೂವರೆಗೆ ಹೋದೆ. ಒಂದು ಫಾರಂ ಕೊಟ್ಟರು, ಇಂಗ್ಲಿಷಲ್ಲಿ, ಇರುವೆ ಗಾತ್ರದ ಅಕ್ಷರ, "ಸುಮ್ನೆ ರೆಕಾರ್ಡಿಗೆ ಮೇಡಂ" ಅಂದರು. ಗುಂಡ ಎಳೆದಾಡುತ್ತಿದ್ದ. ಒಂದು ಕೈಯಲ್ಲಿ ಬೆಲ್ಟ್ ಹಿಡಿದುಕೊಂಡೇ ಸಹಿ ಹಾಕಿದೆ. ನಾನು ಇಲ್ಲೇ ಕೂತಿರುತ್ತೇನೆ ಅಂದೆ. "ಬೇಡ ಮೇಡಂ, ಓನರ್ ಇದ್ದರೆ ನಾಯಿ ಜಾಸ್ತಿ ಗಲಾಟೆ ಮಾಡುತ್ತೆ. ಮೂರು ಗಂಟೆ ಬಿಟ್ಟು ಬನ್ನಿ, ಫೋಟೋ ಕಳಿಸ್ತೀವಿ." ಒಳಗಿನ ಬಾಗಿಲಿಗೆ ಗಾಜು ಇರಲಿಲ್ಲ, ಮರದ ಬಾಗಿಲು. ಗುಂಡ ತಿರುಗಿ ನನ್ನನ್ನೇ ನೋಡುತ್ತಾ ಒಳಗೆ ಹೋದ. ಬಾಗಿಲು ಹಾಕಿದರು.

ಹನ್ನೆರಡು ಮುಕ್ಕಾಲಿಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಕೊರಳಿಗೆ ಕೆಂಪು ಬೋ ಕಟ್ಟಿದ್ದರು. ಟೇಬಲ್ ಮೇಲೆ ಮಲಗಿದ್ದ, ತಲೆ ಸ್ವಲ್ಪ ವಾಲಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಕೆಳಗೆ "ಸೋ ಕಾಮ್ ಬೇಬಿ" ಅಂತ ಬರೆದಿದ್ದರು. ನಾನು ಕುಣಿದುಬಿಟ್ಟೆ. ಅದನ್ನೇ ಸ್ಟೇಟಸ್‌ಗೆ ಹಾಕಿದೆ. ಅಮ್ಮನಿಗೆ ಕಳಿಸಿದೆ, ತಂಗಿಗೆ ಕಳಿಸಿದೆ, "ನೋಡಿ, ನಮ್ಮ ಹತ್ತಿರ ಕಚ್ಚಲು ಬರುವವನು ಅಲ್ಲಿ ಹೇಗೆ ಸುಮ್ಮನೆ ಇದ್ದಾನೆ, ಅವರಿಗೆ ಕೈಗುಣ ಇದೆ" ಅಂತ. ಇಬ್ಬರು ಗೆಳತಿಯರು ನಂಬರ್ ಕೇಳಿದರು. ಕೊಟ್ಟೆ ಕೂಡ! ಈಗ ಆ ಫೋಟೋ ತೆಗೆದು ನೋಡಿದರೆ ನಾಲಿಗೆ ಒಂದು ಪಕ್ಕ ಜಾರಿರುವುದು ಕಾಣುತ್ತದೆ. ಕಣ್ಣಿನ ಮೂಲೆಯಿಂದ ಒಳರೆಪ್ಪೆ ಮೇಲೆ ಬಂದಿರುವುದು ಕಾಣುತ್ತದೆ. ಅವತ್ತು ಯಾಕೆ ಕಾಣಲಿಲ್ಲ? ಬರೀ ಬೋ ನೋಡಿದೆ. ನನ್ನ ನಾಯಿಗೆ ಪ್ರಜ್ಞೆ ಸರಿ ಇಲ್ಲದ ಫೋಟೋ ಅದು, ನಾನು ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದೆ.

ಒಂದೂವರೆಗೆ ಕರೆದುಕೊಂಡು ಬರಲು ಹೋದೆ. ಹುಡುಗ ಎತ್ತಿಕೊಂಡೇ ಬಂದ. ನೆಲಕ್ಕೆ ಬಿಡಲಿಲ್ಲ, ಸೀದಾ ನನ್ನ ಕೈಗೆ ಕೊಟ್ಟ. ಹಿಟ್ಟಿನ ಚೀಲ ಎತ್ತಿಕೊಂಡ ಹಾಗಿತ್ತು. ಮತ್ತೆ ಮೈ ಕೂದಲು! ಬೆನ್ನು, ಹೊಟ್ಟೆ ಪೂರ್ತಿ ಬೋಳು, ಗುಲಾಬಿ ಚರ್ಮ ಕಾಣುತ್ತಿತ್ತು. ತಲೆ ಮತ್ತು ಬಾಲ ಮಾತ್ರ ಬಿಟ್ಟಿದ್ದರು. ಯಾಕೆ ಬೋಳಿಸಿದಿರಿ ಅಂದರೆ "ಗಂಟು ಜಾಸ್ತಿ ಇತ್ತು, ಬೇಸಿಗೆಗೆ ತಂಪು ಮೇಡಂ." ಯಾಕೆ ಹೀಗೆ ಸೋತಿದ್ದಾನೆ ಅಂದರೆ "ಆಟ ಆಡಿ ಸುಸ್ತಾಗಿದೆ, ಮನೆಗೆ ಹೋಗಿ ಮಲಗಿಸಿ." ಬಿಲ್ಲು 1,799. 300 ರೂಪಾಯಿ ಜಾಸ್ತಿ ಯಾಕೆ? "ಅಗ್ರೆಸಿವ್ ಹ್ಯಾಂಡ್ಲಿಂಗ್ ಚಾರ್ಜ್." ಕೊಟ್ಟೆ. ಯಾಕೆ ಕೊಟ್ಟೆ ಅಂತ ಇವತ್ತಿಗೂ ಗೊತ್ತಿಲ್ಲ. ಅವನನ್ನು ಮನೆಗೆ ತಲುಪಿಸಿದರೆ ಸಾಕಾಗಿತ್ತು.

ಮನೆಯಲ್ಲಿ ಇಳಿಸಿದರೆ ಹಿಂಗಾಲು ಮಡಚಿಕೊಂಡು ಕೂತುಬಿಟ್ಟ. ಹೆಸರು ಕರೆದರೆ ಕಣ್ಣು ತಿರುಗಿಸುತ್ತಾನೆ, ತಲೆ ಎತ್ತಲು ಆಗುತ್ತಿಲ್ಲ. ಹೊರಗೆ ಬೆಂಕಿ ಬಿಸಿಲು, ಇವನ ಕಿವಿ ಮುಟ್ಟಿದರೆ ತಣ್ಣಗೆ. ಮುಂಗಾಲಿನ ಎರಡು ಉಗುರಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದರ ಮೇಲೆ ಏನೋ ಪುಡಿ ಒತ್ತಿದ್ದರು. ಇವನದು ಕಪ್ಪು ಉಗುರು, ಒಳಗಿನ ರಕ್ತದ ಎಳೆ ಹೊರಗೆ ಕಾಣುವುದಿಲ್ಲ, ಅದಕ್ಕೇ ತುದಿ ತುದಿ ಚೂರು ಚೂರೇ ಕತ್ತರಿಸಬೇಕು. ನಾಯಿ ಅಲ್ಲಾಡದೆ ಬಿದ್ದಿದ್ದರೆ ಯಾರು ಅಷ್ಟು ತಾಳ್ಮೆಯಿಂದ ಕತ್ತರಿಸುತ್ತಾರೆ?

ಡಾಕ್ಟರ್ ಹತ್ತಿರ ಓಡಿದೆವು. ಭಾನುವಾರ ಆದರೂ ಬಾಗಿಲು ತೆಗೆದರು, ಅವರ ಋಣ ದೊಡ್ಡದು. ವಸಡು ಬಿಳಿಚಿಕೊಂಡಿತ್ತು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದಂತೆ. ಗುಂಡನದು 97.8. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಏನು ಮಾತ್ರೆ ಕೊಟ್ಟಿದ್ದೀರಿ?" ನಾನು ಏನೂ ಇಲ್ಲ ಅಂದೆ. ಅವರು ನನ್ನ ಮುಖ ನೋಡಿ ಮತ್ತೆ ಕೇಳಿದರು, "ಗ್ರೂಮಿಂಗ್‌ಗೆ ಬಿಟ್ಟಿದ್ರಾ?" ಅಲ್ಲಿ ನನಗೆ ಅರ್ಥ ಆಯಿತು. ಕೈಕಾಲು ತಣ್ಣಗಾದವು.

ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದೆ. ಯಾವ ಔಷಧಿ, ಎಷ್ಟು ಕೊಟ್ಟಿದ್ದೀರಿ, ಡಾಕ್ಟರಿಗೆ ಬೇಕು, ಅಷ್ಟು ಹೇಳಿ ಸಾಕು ಅಂತ ಬೇಡಿಕೊಂಡೆ. ಮೊದಲು "ಏನೂ ಕೊಟ್ಟಿಲ್ಲ." ಎರಡನೇ ಸಲ "ಹರ್ಬಲ್ ಡ್ರಾಪ್ಸ್, ಏನೂ ಆಗಲ್ಲ." ಮೂರನೇ ಸಲ ಡಾಕ್ಟರೇ ಫೋನ್ ತಗೊಂಡು ಮಾತಾಡಿದಾಗ "ಸ್ವಲ್ಪ ಕಾಮ್ ಆಗಲಿಕ್ಕೆ ಅರ್ಧ ಮಾತ್ರೆ, ಹೆಸರು ಹುಡುಗನಿಗೆ ಗೊತ್ತು, ಅವನು ಊಟಕ್ಕೆ ಹೋಗಿದ್ದಾನೆ." ಆಮೇಲೆ ಫೋನ್ ಎತ್ತಲಿಲ್ಲ. ಏನು ಕೊಟ್ಟರು ಅಂತ ಗೊತ್ತಿಲ್ಲದೆ ಡಾಕ್ಟರ್ ಏನು ಮಾಡಬೇಕು ಹೇಳಿ? ಡ್ರಿಪ್ ಹಾಕಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಹತ್ತು ಹತ್ತು ನಿಮಿಷಕ್ಕೆ ಎದೆ ಬಡಿತ ನೋಡುತ್ತಾ ಕೂತರು. ನಾಲ್ಕು ಗಂಟೆ ಕಾಲ. ಆರೂವರೆಗೆ ತಲೆ ಎತ್ತಿದ.

ಕಾಯುತ್ತಾ ಕೂತಾಗ ಡಾಕ್ಟರ್ ಹೇಳಿದ ಒಂದು ಮಾತು ನನ್ನನ್ನು ಇವತ್ತಿಗೂ ಮಲಗಲು ಬಿಡುತ್ತಿಲ್ಲ. ಕೆಲವು ಔಷಧಿ ಮೈಯನ್ನು ಮಾತ್ರ ಕಟ್ಟಿಹಾಕುತ್ತವೆ, ಹೆದರಿಕೆ ಹಾಗೇ ಇರುತ್ತದಂತೆ. ಅಸೆಪ್ರೊಮಜಿನ್ ಅನ್ನುವುದು ಅಂಥದ್ದೇ ಒಂದು, ರಕ್ತದ ಒತ್ತಡವನ್ನೂ ಇಳಿಸುತ್ತದೆ. ನಾಯಿಗೆ ಮಶೀನ್ ಸದ್ದು ಕೇಳುತ್ತದೆ, ನೋವು ಗೊತ್ತಾಗುತ್ತದೆ, ಎದ್ದು ಓಡಲು ಮಾತ್ರ ಆಗುವುದಿಲ್ಲ. ಗುಂಡನಿಗೆ ಕೊಟ್ಟಿದ್ದು ಅದೇನಾ ಅಂತ ಗೊತ್ತಿಲ್ಲ. ಆದರೆ ಉಗುರಿಂದ ರಕ್ತ ಬರುವಾಗ ಅವನು ಎಚ್ಚರ ಇದ್ದನಾ? ಕೂಗಲೂ ಆಗದೆ? ಆ ಮರದ ಬಾಗಿಲಿನ ಹಿಂದೆ?

ಮತ್ತಿನ ಔಷಧಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ತುಂಬಾ ಹೆದರುವ ನಾಯಿಗೆ ಡಾಕ್ಟರೇ ತೂಕ ನೋಡಿ, ಎದೆ ಪರೀಕ್ಷೆ ಮಾಡಿ ಕೊಡುತ್ತಾರೆ, ಕೊಟ್ಟ ಮೇಲೆ ಪಕ್ಕದಲ್ಲೇ ಇರುತ್ತಾರೆ. ಅಂಗಡಿಯ ಹುಡುಗ ಅಂದಾಜಿಗೆ ಅರ್ಧ ಮಾತ್ರೆ ಮುರಿದು ಬಾಯಿಗೆ ಹಾಕುವುದಲ್ಲ.

ಮರುದಿನ ಅಂಗಡಿಗೆ ಹೋದೆ. ಅವರ ಉತ್ತರ ಕೇಳಿ. ಮೊದಲು, "ನೀವೇ ಸಹಿ ಹಾಕಿದ್ದೀರಲ್ಲ ಮೇಡಂ." ಫಾರಂ ತೋರಿಸಿದರು, ಒಂಬತ್ತನೇ ಸಾಲಿನಲ್ಲಿ ಅಗತ್ಯ ಬಿದ್ದರೆ ಶಾಂತಗೊಳಿಸುವ ಔಷಧಿ ಬಳಸಬಹುದು ಅಂತ ಇತ್ತು ನಿಜ. ಓದದೆ ಹಾಕಿದ್ದು ನನ್ನ ತಪ್ಪು. ಆದರೆ ಫೋನಲ್ಲಿ ಅಷ್ಟು ಹೊತ್ತು ಮಾತಾಡಿದಿರಲ್ಲ, ಒಂದು ಮಾತು ಬಾಯಿಬಿಟ್ಟು ಹೇಳಲು ಏನಾಗಿತ್ತು? "ಎಲ್ಲಾ ಕಡೆ ಹೀಗೇ ಮಾಡೋದು, ನಾವು ಹೇಳ್ತೀವಿ, ಬೇರೆಯವರು ಹೇಳಲ್ಲ." ನೀವೂ ಹೇಳಲಿಲ್ಲವಲ್ಲ! ಅದಕ್ಕೆ, "ನಿಮ್ಮ ನಾಯಿ ಕಚ್ಚೋ ನಾಯಿ, ನಮ್ಮ ಹುಡುಗನಿಗೆ ಏನಾದರೂ ಆಗಿದ್ದರೆ ಯಾರು ನೋಡ್ತಿದ್ರು?" ಕಚ್ಚುತ್ತಾನೆ ಅನ್ನಿಸಿದ್ದರೆ ನನಗೆ ಫೋನ್ ಮಾಡಿ ವಾಪಸ್ ಕಳಿಸಬಹುದಿತ್ತು. ಹತ್ತೇ ನಿಮಿಷದ ದಾರಿ. ಕೊನೆಗೆ ಏನು ಹೇಳಿದರು ಗೊತ್ತಾ? "ಮುಂದಿನ ಸಲ 20 ಪರ್ಸೆಂಟ್ ಕಡಿಮೆ ಮಾಡ್ತೀವಿ." ಮುಂದಿನ ಸಲ!

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಬೇಕಂತಲೇ, ಕಾರಣವಿಲ್ಲದೆ ಹಾನಿ ಮಾಡುವ ಔಷಧಿ ಕೊಡುವುದು ಅಪರಾಧ ಅಂತ ಇದೆ. ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಡಾಕ್ಟರ್ ಚೀಟಿ, ಬಿಲ್ಲು, ಆ ಫೋಟೋ ಎಲ್ಲಾ ಇಟ್ಟುಕೊಂಡಿದ್ದೇನೆ.

ಬೋಳಿಸಿದರೆ ತಂಪು ಅನ್ನುವ ಮಾತನ್ನು ನಂಬಬೇಡಿ. ಸ್ಪಿಟ್ಜ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಇವಕ್ಕೆಲ್ಲ ಎರಡು ಪದರ ಕೂದಲು. ಒಳಗಿನ ಸತ್ತ ಕೂದಲನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ, ಮೇಲಿನ ಪದರ ಬಿಸಿಲು ತಡೆಯುತ್ತದೆ. ಬುಡಕ್ಕೆ ಬೋಳಿಸಿದರೆ ಚರ್ಮಕ್ಕೆ ನೇರ ಬಿಸಿಲು, ಕೂದಲು ಮೊದಲಿನ ಹಾಗೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಗಂಟು ಇರುವ ಜಾಗ ಮಾತ್ರ ಕತ್ತರಿಸಿದ್ದರೆ ಸಾಕಿತ್ತು. ಗುಂಡನನ್ನು ಈಗ ಬೆಳಿಗ್ಗೆ ಆರಕ್ಕೇ ಹೊರಗೆ ಕರೆದುಕೊಂಡು ಹೋಗಿ ಬರುತ್ತೇನೆ.

ನಿಮ್ಮ ನಾಯಿಯನ್ನು ಒಳಗೆ ಬಿಡುವ ಮುಂಚೆ, ನಾನು ಕೂತು ನೋಡಬಹುದಾ ಅಂತ ಕೇಳಿ. ಬೇಡ ಅಂದರೆ ವಾಪಸ್ ಬನ್ನಿ. ಫಾರಂ ಓದಿ, ಔಷಧಿಯ ಸಾಲು ಹೊಡೆದು ಹಾಕಿ ಸಹಿ ಮಾಡಿ. ಬಾಯಿ ಕಟ್ಟುವುದಾದರೆ ಪಂಜರದಂಥ ಮಜಲ್ ಇರಲಿ, ಬಟ್ಟೆ ಬಿಗಿದರೆ ಏದುಸಿರು ಬಿಡಲು ಆಗುವುದಿಲ್ಲ, ಈ ಬಿಸಿಲಲ್ಲಿ ಜೀವ ಹೋಗಲು ಅದೇ ಸಾಕು. ಮನೆಗೆ ಬಂದ ನಾಯಿ ತೂಕಡಿಸುತ್ತಿದ್ದರೆ ಸುಸ್ತು ಅಂತ ಕಾಯಬೇಡಿ, ವಸಡಿನ ಬಣ್ಣ ನೋಡಿ.

ಈಗ ಮನೆಯಲ್ಲೇ ಅಭ್ಯಾಸ ಮಾಡಿಸುತ್ತಿದ್ದೇನೆ, ಮೊದಲೇ ಮಾಡಬೇಕಿದ್ದ ಕೆಲಸ. ಮೊದಲ ವಾರ ಬಾಚಣಿಗೆ ನೆಲದ ಮೇಲೆ ಇಡುವುದು, ಗುಂಡ ಅದನ್ನು ನೋಡಿದರೆ ಬೇಯಿಸಿದ ಕೋಳಿ ಚೂರು ಕೊಡುವುದು, ಅಷ್ಟೇ. ಆಮೇಲೆ ಬಾಚಣಿಗೆಯ ಹಿಂಬದಿಯಿಂದ ಭುಜ ಮುಟ್ಟುವುದು, ಚೂರು. ಮಡಚಿದ ಟವೆಲ್ ಮೇಲೆ ಅವನು ಗದ್ದ ಇಟ್ಟರೆ ಮುಟ್ಟುತ್ತೇನೆ, ಗದ್ದ ಎತ್ತಿದರೆ ತಕ್ಷಣ ಕೈ ತೆಗೆಯುತ್ತೇನೆ. ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಮುಖ ತಿರುಗಿಸಿದರೆ ಅವತ್ತಿಗೆ ಮುಗಿಯಿತು. ದಿನಕ್ಕೆ ಎರಡು ನಿಮಿಷ. ಮೊನ್ನೆ ಮೊದಲ ಸಲ ಬಲಗಾಲನ್ನು ನನ್ನ ಅಂಗೈ ಮೇಲೆ ಇಟ್ಟ. ಎಡಗಾಲಿನ ಹತ್ತಿರ ಇನ್ನೂ ಬಿಡುತ್ತಿಲ್ಲ, ಅದರದ್ದೇ ಎರಡು ಉಗುರು ಅವರು ಕತ್ತರಿಸಿದ್ದು.

ನಂಬರ್ ಕೊಟ್ಟಿದ್ದ ಇಬ್ಬರು ಗೆಳತಿಯರಿಗೂ ಫೋನ್ ಮಾಡಿ ಹೇಳಿದೆ. ಅದರಲ್ಲಿ ಒಬ್ಬಳು ಆಗಲೇ ಬುಕ್ ಮಾಡಿದ್ದಳು, ಬಿಡಿಸಿದೆ. ಮಾತ್ರೆಯ ಹೆಸರು ಕೇಳಿ ಅಂಗಡಿಗೆ ನಿನ್ನೆ ಇನ್ನೊಂದು ಮೆಸೇಜ್ ಹಾಕಿದ್ದೇನೆ. ನೋಡಿದ್ದಾರೆ, ಎರಡು ನೀಲಿ ಗೀಟು ಬಂದಿದೆ. ಉತ್ತರ ಬಂದಿಲ್ಲ.