10, 33, 67 ವ್ಯಾಟ್: ಮುಂಬೈ ಸೆಕೆಯಲ್ಲಿ ಯಾವ ಚಾರ್ಜರ್ ವಾಸಿ?

67 ವ್ಯಾಟಿನ ಚಾರ್ಜರ್ ಬ್ಯಾಟರಿಯನ್ನು ತಿಂದುಹಾಕುತ್ತದೆ, ನಿಧಾನಕ್ಕೆ ಚಾರ್ಜ್ ಮಾಡಿದರೆ ಬಾಳಿಕೆ ಜಾಸ್ತಿ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಅರ್ಧ ನಿಜ. ಇನ್ನರ್ಧ ಏನು ಅಂತ ನೋಡಲು ಮನೆಯಲ್ಲಿದ್ದ ಚಾರ್ಜರುಗಳನ್ನೆಲ್ಲ ಒಂದೊಂದಾಗಿ ಒಂದೇ ಫೋನಿಗೆ ಚುಚ್ಚಿ ನೋಡಿದೆ.

ನನ್ನ ಫೋನಿನದು 5000 ಎಂಎಎಚ್ ಬ್ಯಾಟರಿ. ಅಂದರೆ ಅದರೊಳಗೆ ಸುಮಾರು 19 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ. ಮೇ ತಿಂಗಳ ಕೊನೆ, ಫ್ಯಾನ್ ತಿರುಗುತ್ತಿದ್ದರೂ ಕೋಣೆಯಲ್ಲಿ 32 ಡಿಗ್ರಿ. ಪ್ರತಿ ಸಲ ಕವರ್ ತೆಗೆದು, 10 ಶೇಕಡಾದಿಂದ ಶುರು ಮಾಡಿ, ಬ್ಯಾಟರಿಯ ಬಿಸಿಯನ್ನು ಒಂದು ಆ್ಯಪ್‌ನಲ್ಲಿ ನೋಡುತ್ತಾ ಹೋದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಪುಟ್ಟ ಯುಎಸ್‌ಬಿ ಮೀಟರ್ ಕೂಡ ಮಧ್ಯೆ ಸಿಕ್ಕಿಸಿದ್ದೆ.

ಮೊದಲು ಫೋನಿನ ಜೊತೆಗೇ ಬಂದ 67 ವ್ಯಾಟಿನದು. ಒಂದು ಲೋಟ ಕಾಫಿ ಮಾಡಿ ಕುಡಿಯುವಷ್ಟರಲ್ಲಿ ಅರ್ಧ ತುಂಬಿತ್ತು. ಪೂರ್ತಿ ಆಗಲು ಮುಕ್ಕಾಲು ಗಂಟೆ. ಬಿಸಿ ಶುರುವಿನಲ್ಲೇ 42ರ ಹತ್ತಿರ ಹೋಯಿತು. ಆದರೆ ಅಲ್ಲೇ ನಿಲ್ಲಲಿಲ್ಲ. ಅರವತ್ತು ಶೇಕಡಾ ದಾಟಿದ ಮೇಲೆ ತಾನಾಗಿಯೇ ಇಳಿಯುತ್ತಾ ಬಂತು. ಇದರಲ್ಲಿ ಮಾಯೆ ಏನೂ ಇಲ್ಲ. ಲಿಥಿಯಂ ಬ್ಯಾಟರಿಗೆ ಮೊದಲು ಜೋರಾಗಿ ಕರೆಂಟ್ ಕೊಡುತ್ತಾರೆ. ವೋಲ್ಟೇಜ್ ಮೇಲಿನ ಮಿತಿ ಮುಟ್ಟಿದ ಮೇಲೆ ಅದನ್ನು ಅಲ್ಲೇ ಹಿಡಿದಿಟ್ಟು ಕರೆಂಟನ್ನು ಇಳಿಸುತ್ತಾ ಹೋಗುತ್ತಾರೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದ 67 ವ್ಯಾಟ್ ಇರುವುದು ಮೊದಲ ಕೆಲವೇ ನಿಮಿಷ. ಕೊನೆಯ ಹತ್ತು ಶೇಕಡಾಕ್ಕೆ ಯಾವ ಚಾರ್ಜರ್ ಆದರೂ ಆಮೆಯೇ.

33 ವ್ಯಾಟಿನದು ಬೇರೆ ಕಂಪನಿಯದು, ಪಿಪಿಎಸ್ ಇರುವಂಥದ್ದು. ಪಿಪಿಎಸ್ ಅಂದರೆ ಫೋನು ಕ್ಷಣಕ್ಷಣಕ್ಕೂ ಚಾರ್ಜರಿಗೆ 'ಇಷ್ಟು ವೋಲ್ಟ್ ಸಾಕು' ಎಂದು ಹೇಳಬಹುದು. ಅದರಿಂದ ಫೋನಿನೊಳಗೆ ವೋಲ್ಟೇಜ್ ಇಳಿಸುವ ಕೆಲಸ ಕಮ್ಮಿ, ಬಿಸಿಯೂ ಕಮ್ಮಿ. ಒಂದು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲಿ ಪೂರ್ತಿ ಆಯಿತು. ಬಿಸಿ 39 ದಾಟಲಿಲ್ಲ. ನನಗೆ ಮನಸ್ಸಿಗೆ ಹಿಡಿಸಿದ್ದು ಇದೇ. 67ಕ್ಕೂ ಇದಕ್ಕೂ ಅರ್ಧ ಗಂಟೆಯೂ ವ್ಯತ್ಯಾಸವಿಲ್ಲ. ಬೆಳಿಗ್ಗೆ ಸ್ನಾನ, ತಿಂಡಿ ಮುಗಿಸುವ ಹೊತ್ತಿಗೆ ಎರಡೂ ಒಂದೇ.

ಆಫೀಸಿನ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟಿನದು. ಅದನ್ನು ಹಾಕಿದರೆ ಫೋನು ಸುಟ್ಟುಹೋಗುತ್ತದೆ ಎಂದು ಹೆದರುವವರಿದ್ದಾರೆ. ಮೀಟರಿನಲ್ಲಿ ಕಂಡದ್ದು ಸುಮಾರು 18 ವ್ಯಾಟ್ ಅಷ್ಟೇ! ಎಷ್ಟು ಎಳೆದುಕೊಳ್ಳಬೇಕು ಎಂದು ನಿರ್ಧರಿಸುವುದು ಫೋನು. ಚಾರ್ಜರಿಗೂ ಫೋನಿಗೂ ಮಾತು ಹೊಂದದಿದ್ದರೆ ಅದು ಸುಮ್ನೆ ಕೆಳಗಿನ ದರ್ಜೆಗೆ ಇಳಿಯುತ್ತದೆ. ಹಾಳಾಗುವುದಿಲ್ಲ, ನಿಧಾನ ಆಗುತ್ತದೆ.

ವೈರ್‌ಲೆಸ್ ಪ್ಯಾಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 15 ವ್ಯಾಟ್ ಅಂತ ಬರೆದಿದೆ, 10 ವ್ಯಾಟಿನ ವೈರ್ ಚಾರ್ಜರಿಗಿಂತ ಬೇಗ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬಿಸಿಯಾಗಿ ಫೋನೇ ಅದರ ವೇಗ ಕಡಿಮೆ ಮಾಡುತ್ತಿತ್ತು. 67 ವ್ಯಾಟಿನಲ್ಲಿ ಫೋನು 40ರ ಮೇಲಿದ್ದದ್ದು ಸ್ವಲ್ಪ ಹೊತ್ತು, ಇಲ್ಲಿ ಒಂದು ಗಂಟೆಗೂ ಮೀರಿ. ಮುಂಬೈ ಬೇಸಿಗೆಗೆ ಇದು ಬೇಡವೇ ಬೇಡ. ಎಸಿ ಕೋಣೆಯವರ ಮಾತು ಬೇರೆ.

ಇನ್ನು 10 ವ್ಯಾಟಿನ ಹಳೆಯದು. ಎರಡೂವರೆ ಗಂಟೆ. ಬಿಸಿ 36. ಬರೀ ಈ ಅಂಕಿ ನೋಡಿದರೆ ಬಿಲ್ಡಿಂಗಿನವರು ಹೇಳಿದ್ದೇ ಗೆದ್ದಿತು, ಅಲ್ವಾ? ಸಮಸ್ಯೆ ಇರುವುದು ಎರಡೂವರೆ ಗಂಟೆ ಆದ ಮೇಲೆ. ಇಷ್ಟು ನಿಧಾನದ ಚಾರ್ಜರನ್ನು ಯಾರೂ ಎದುರು ಕೂತು ಕಾಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಕಿ ಮಲಗುತ್ತಾರೆ. ಒಂದೂವರೆಗೆ ತುಂಬಿದ ಫೋನು ಬೆಳಗಿನವರೆಗೂ ನೂರರಲ್ಲೇ ಕೂತಿರುತ್ತದೆ, ದಿಂಬಿನ ಕೆಳಗಿದ್ದರೆ ಇನ್ನೂ ಚೆಂದ. ಪೂರ್ತಿ ತುಂಬಿದಾಗ ಸೆಲ್‌ನ ವೋಲ್ಟೇಜ್ 4.4ರ ಆಸುಪಾಸು. ಆ ಒತ್ತಡದಲ್ಲಿ ಒಳಗಿನ ದ್ರಾವಣ ಸದ್ದಿಲ್ಲದೆ ಕೆಡುತ್ತಾ ಹೋಗುತ್ತದೆ. ಬಿಸಿ ಇದ್ದರೆ ಇನ್ನೂ ಬೇಗ. ಇದಕ್ಕೆ ಚಾರ್ಜರಿನ ವೇಗದ ಸಂಬಂಧವೇ ಇಲ್ಲ.

ಇದು ಕಣ್ಣಿಗೆ ಕಂಡದ್ದು ಮಾಟುಂಗದಲ್ಲಿ. ನನ್ನ ಸೋದರಮಾವನ ಹೋಟೆಲ್ ಅಲ್ಲಿದೆ. ಹಿಂದಿನ ಚೌತಿಗೆ ನಾನೂ ಮಾವನೂ ಒಂದೇ ಮಾಡೆಲ್ ಫೋನು ತೆಗೆದುಕೊಂಡಿದ್ದೆವು. ನಾನು ಫೋನಿನ ಜೊತೆ ಬಂದ 67 ವ್ಯಾಟನ್ನೇ ಬಳಸಿದೆ, ತೊಂಬತ್ತರ ಹತ್ತಿರ ಬಂದಾಗ ತೆಗೆಯುತ್ತಿದ್ದೆ. ಮಾವ ಅದನ್ನು ಡಬ್ಬದಿಂದ ಹೊರಗೇ ತೆಗೆಯಲಿಲ್ಲ. ಹಳೇ ಫೋನಿನ 10 ವ್ಯಾಟಿನದನ್ನು ಗಲ್ಲಾದ ಬದಿಗೆ ಚುಚ್ಚಿ, ಬೆಳಿಗ್ಗೆ ಆರರಿಂದ ರಾತ್ರಿ ಅಂಗಡಿ ಮುಚ್ಚುವವರೆಗೆ ಫೋನು ಅದರಲ್ಲೇ. ಯುಪಿಐ ದುಡ್ಡು ಬಂತಾ ನೋಡಬೇಕಲ್ಲ. ಗಲ್ಲಾದ ಹಿಂದಿನ ಗೋಡೆಯ ಆಚೆ ಕಾಫಿ ಬಾಯ್ಲರು.

ವರ್ಷ ತುಂಬುವ ಮೊದಲೇ ಆ ಫೋನಿನ ಹಿಂಬದಿ ಉಬ್ಬಿ, ಅಂಟು ಬಿಟ್ಟಿತು. ನನ್ನದರ ಬ್ಯಾಟರಿ ಹೆಲ್ತ್ ಇನ್ನೂ ತೊಂಬತ್ತರ ಮೇಲಿದೆ.

"ಎಂತ ಮಾರಾಯ, ನಿಧಾನದ್ದೇ ಹಾಕಿದ್ದಲ್ವಾ ನಾನು?" ಎಂದರು ಮಾವ.

"ನಿಧಾನ ಸರಿ ಮಾವ, ಆದರೆ ತುಂಬಿದ ಮೇಲೂ ತೆಗೆಯಲಿಲ್ಲವಲ್ಲ. ಮೇಲಿಂದ ಬಾಯ್ಲರ್ ಬೇರೆ."

ಎರಡು ಫೋನು ನೋಡಿ ಶಾಸ್ತ್ರ ಬರೆಯಲು ಆಗುವುದಿಲ್ಲ, ಒಪ್ಪಿದೆ. ವೇಗದಿಂದ ಏನೂ ಆಗುವುದಿಲ್ಲ ಎಂದೂ ನಾನು ಹೇಳುತ್ತಿಲ್ಲ. ಬಿಸಿ ಒಂದೇ ಆಗಿದ್ದರೆ, ಜಾಸ್ತಿ ಕರೆಂಟ್ ಕೊಟ್ಟ ಬ್ಯಾಟರಿಯೇ ಬೇಗ ಸವೆಯುತ್ತದೆ. ಲಿಥಿಯಂ ಒಳಗೆ ಸೇರಲು ಪುರುಸೊತ್ತಿಲ್ಲದೆ ಮೇಲೆಯೇ ಲೋಹವಾಗಿ ಕೂರುವುದುಂಟು. ಇದು ಹೆಚ್ಚಾಗಿ ಚಳಿಯಲ್ಲಿ ಚಾರ್ಜ್ ಮಾಡುವವರ ತೊಂದರೆ. ನಮ್ಮ ಕಡೆ ಶತ್ರು ಸೆಕೆ. ಐಫೋನನ್ನು 35 ಡಿಗ್ರಿಗಿಂತ ಬಿಸಿಯಾದ ಜಾಗದಲ್ಲಿ ಬಳಸಬೇಡಿ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಹೋಟೆಲಿನ ಗಲ್ಲಾಕ್ಕೆ ಅದನ್ನು ಯಾರು ಹೇಳಬೇಕು!

ಅಂದಹಾಗೆ, ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಲು ಹೋಗಬೇಡಿ. ಒಳಗಿರುವುದು ಗ್ಯಾಸು. ಚುಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಕಸದ ಬುಟ್ಟಿಗೂ ಬೇಡ.

ಹೊಸ ಬ್ಯಾಟರಿ ಹಾಕಿಸಿದ ಮೇಲೆ ಮಾವನ ಫೋನಿನಲ್ಲಿ ಚಾರ್ಜು 80ಕ್ಕೆ ನಿಲ್ಲುವ ಸೆಟ್ಟಿಂಗ್ ಹಾಕಿಕೊಟ್ಟೆ. ಈಗಿನ ಹಲವು ಫೋನುಗಳಲ್ಲಿ ಅದು ಬ್ಯಾಟರಿ ಸೆಟ್ಟಿಂಗಿನಲ್ಲೇ ಇರುತ್ತದೆ. ಇಡೀ ದಿನ ಚಾರ್ಜಿನಲ್ಲೇ ಇರುವ ಫೋನಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. "ನೂರಕ್ಕೆ ದುಡ್ಡು ಕೊಟ್ಟು ಎಂಬತ್ತಕ್ಕೆ ನಿಲ್ಲಿಸುವುದಾ?" ಎಂದು ಗೊಣಗಿದರು. ಆದರೂ ಬದಲಾಯಿಸಿಲ್ಲ. ಫೋನು ಈಗ ಗೋಡೆಯಿಂದ ದೂರ, ಮೇಜಿನ ಮುಂದೆ ಸ್ಟ್ಯಾಂಡಿನಲ್ಲಿದೆ. ಚಾರ್ಜರ್ ಅದೇ 10 ವ್ಯಾಟಿನದು. ಅವರಿಗೆ ಅದೇ ಸರಿ.

ನನ್ನ ಮನೆಯಲ್ಲಿ 33 ಹಾಲ್‌ನಲ್ಲಿದೆ, 67 ಬ್ಯಾಗಿನಲ್ಲಿ. ಲೋಕಲ್ ಹಿಡಿಯಲು ಇಪ್ಪತ್ತೇ ನಿಮಿಷ ಉಳಿದು ಫೋನು 8 ಶೇಕಡಾ ತೋರಿಸುವಾಗ 67ರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಟ್ರೇನಿನಲ್ಲಿ ಮಾತ್ರ ಚಾರ್ಜ್ ಮಾಡುವುದು ಬಿಟ್ಟಿದ್ದೇನೆ. ಡೊಂಬಿವಲಿ ಫಾಸ್ಟಿನ ನೂಕುನುಗ್ಗಲಿನಲ್ಲಿ ಪವರ್ ಬ್ಯಾಂಕೂ ಫೋನೂ ಒಂದೇ ಜೇಬಿನಲ್ಲಿದ್ದರೆ ಠಾಣೆ ಬರುವಷ್ಟರಲ್ಲಿ ತೊಡೆಗೇ ಬಿಸಿ ತಟ್ಟುತ್ತದೆ.

ಹೊಸದು ಕೊಳ್ಳುವವರು ಫುಟ್‌ಪಾತಿನ '65 ವ್ಯಾಟ್' ಚಾರ್ಜರುಗಳನ್ನು ಬಿಟ್ಟು, ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರುವುದನ್ನು ನೋಡಿ ಕೊಳ್ಳಿ. ಯುಎಸ್‌ಬಿ-ಸಿ ಫೋನಾದರೆ ಪಿಡಿ (ಪವರ್ ಡೆಲಿವರಿ, ಯುಎಸ್‌ಬಿಯ ವೇಗದ ಚಾರ್ಜಿಂಗ್ ಪದ್ಧತಿ), ಪಿಪಿಎಸ್ ಎರಡೂ ಬರೆದಿರಲಿ. ಕೇಬಲ್ಲೂ ಮುಖ್ಯ. ಮಾಮೂಲಿ ಸಿ-ಟು-ಸಿ ಕೇಬಲ್ಲಿನಲ್ಲಿ 3 ಆಂಪಿಯರ್‌ವರೆಗೆ ಹರಿಯುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಒಳಗೆ ಚಿಪ್ ಇರುವ 5 ಆಂಪಿಯರಿನ ಕೇಬಲ್ಲೇ ಆಗಬೇಕು. 33 ವ್ಯಾಟಿಗೆ ಸಾಮಾನ್ಯವಾಗಿ 3 ಆಂಪಿಯರಿನದೇ ಸಾಕಾಗುತ್ತದೆ, ಅಲ್ಲೂ ಒಂದಿಷ್ಟು ದುಡ್ಡು ಉಳಿಯುತ್ತದೆ.